ಮುಟ್ಟಿದರೆ ಗೊತ್ತಾಗಲ್ಲ, ರಾತ್ರಿಯಾದರೆ ಉರಿ ತಡೆಯಲಾಗಲ್ಲ: ಕಾಲಿನ ನರಕ್ಕೆ ಏನಾಗಿದೆ?

ಪ್ರಶ್ನೆ: ಡಾಕ್ಟ್ರೇ, ನನಗೆ 52 ವರ್ಷ. ದಾವಣಗೆರೆ ಜಿಲ್ಲೆಯ ಒಂದು ಹಳ್ಳಿಯಲ್ಲಿ ಬಟ್ಟೆ ಹೊಲಿದು ಜೀವನ ಮಾಡುತ್ತೇನೆ. ಶುಗರ್ ಬಂದು 12 ವರ್ಷ ಆಯಿತು. ಆಗಿನಿಂದ ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ಳುತ್ತಿದ್ದೇನೆ. ನಮ್ಮದು ಸಸ್ಯಾಹಾರ. ಮೂರು ವರ್ಷದ ಹಿಂದೆ ಎರಡೂ ಅಂಗಾಲು ಉರಿಯಲು ಶುರುವಾಯಿತು. ಆಗ ನರದ ಟೆಸ್ಟ್ ಮಾಡಿಸಿದರೆ ನಾರ್ಮಲ್ ಬಂತು. ಮನೆಯಲ್ಲಿ "ಇವಳದ್ದು ಸುಮ್ನೆ ನಾಟಕ" ಅಂದರು. ಈಗ ಹೊಲಿಗೆ ಮೆಷಿನ್ನಿನ ಪೆಡಲ್ ಮೇಲೆ ಕಾಲು ಇದೆಯೋ ಇಲ್ಲವೋ ಬಗ್ಗಿ ನೋಡಿದರೇನೇ ಗೊತ್ತಾಗುವುದು. ಕಣ್ಣು ಮುಚ್ಚಿ ಮುಖ ತೊಳೆಯುವಾಗ ವಾಲುತ್ತೇನೆ. ರಾತ್ರಿ ಮಾತ್ರ ಕೆಂಡದ ಮೇಲೆ ಕಾಲಿಟ್ಟ ಹಾಗೆ. ತಣ್ಣೀರಿನ ಬಕೆಟ್‌ನಲ್ಲಿ ಕಾಲಿಟ್ಟುಕೊಂಡು ಕೂರುತ್ತೇನೆ. ಮತ್ತೆ ಟೆಸ್ಟ್ ಮಾಡಿಸಿದೆ, ಎರಡೂ ಕಾಲಿನ ನರಕ್ಕೆ ಪೆಟ್ಟಾಗಿದೆ ಅಂದರು. ಎಚ್‌ಬಿಎ1ಸಿ 9.4 ಇದೆ, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಟೆಸ್ಟಂತೆ ಅದು. ಒಬ್ಬರು ನರ ದೌರ್ಬಲ್ಯ ಅಂತಾರೆ, ಒಬ್ಬರು ಮಾತ್ರೆ ತಿಂದು ತಿಂದೇ ಹೀಗಾಗಿದ್ದು ಅಂತಾರೆ. ಮೆಡಿಕಲ್ ಶಾಪಿನವರು ಕೊಟ್ಟ ನರದ ಮಾತ್ರೆ ಆರು ತಿಂಗಳಿಂದ ನುಂಗುತ್ತಿದ್ದೇನೆ. ಸ್ಪರ್ಶವೇ ಇಲ್ಲದ ಕಾಲು ಉರಿಯುವುದು ಹೇಗೆ? ಮುಂದೆ ಕಾಲು ತೆಗೆಯಬೇಕಾಗುತ್ತಾ? ಹೊಲಿಗೆ ಬಿಡಬೇಕಾ?

ಉತ್ತರ: ಅಮ್ಮ, ಮೊದಲು ಒಂದು ಮಾತು. ನಿಮ್ಮದು ನಾಟಕ ಅಲ್ಲ. ಮೂರು ವರ್ಷದ ಹಿಂದೆಯೂ ಆಗಿರಲಿಲ್ಲ. ಆಗ ಟೆಸ್ಟ್ ನಾರ್ಮಲ್ ಬಂದಿದ್ದಕ್ಕೆ ಕಾರಣ ಇದೆ, ಅದನ್ನು ಮುಂದೆ ಹೇಳುತ್ತೇನೆ. ನೀವು ಬರೆದಿರುವುದನ್ನು ನೋಡಿದರೆ ಇದು ಸಕ್ಕರೆ ಕಾಯಿಲೆಯಿಂದ ಕಾಲಿನ ನರಗಳು ಹಾಳಾಗುತ್ತಿರುವ ಲಕ್ಷಣ. ನಾವು ಇದನ್ನು ಡಯಾಬಿಟಿಕ್ ನ್ಯೂರೋಪತಿ ಅನ್ನುತ್ತೇವೆ. ಜೊತೆಗೆ ಬಿ12 ವಿಟಮಿನ್ ಕೊರತೆಯೂ ಸೇರಿರಬಹುದು ಎಂಬ ಬಲವಾದ ಅನುಮಾನ ನನಗಿದೆ. ಅದು ಸೇರಿದ್ದರೆ ಒಂದು ಲೆಕ್ಕದಲ್ಲಿ ಒಳ್ಳೆಯದೇ, ಯಾಕೆಂದರೆ ಅದಕ್ಕೆ ನೇರವಾದ ಚಿಕಿತ್ಸೆ ಇದೆ.

ಈ 'ನರ' ಎಂಬ ಪದದಿಂದಲೇ ಶುರು ಮಾಡೋಣ. ನಮ್ಮ ಕನ್ನಡದಲ್ಲಿ ಒಂದೇ ಪದವನ್ನು ಮೂರು ವಸ್ತುಗಳಿಗೆ ಬಳಸುತ್ತೇವೆ. ಇಂಜೆಕ್ಷನ್ ಚುಚ್ಚುವಾಗ ಸಿಸ್ಟರ್ "ನರ ಸಿಗ್ತಾ ಇಲ್ಲ" ಅಂತಾರೆ. ಅದು ರಕ್ತನಾಳ. ಮೀನಖಂಡದಲ್ಲಿ ಹಸಿರಾಗಿ ಗಂಟು ಗಂಟಾಗಿ ಕಂಡರೆ "ನರ ಊದಿದೆ" ಅಂತೀವಿ. ಅದೂ ರಕ್ತನಾಳ. ಕತ್ತು ತಿರುಗಿಸಲು ಆಗದಿದ್ದರೆ "ನರ ಹಿಡ್ಕೊಂಡಿದೆ" ಅಂತೀವಿ. ಅಲ್ಲಿ ಹಿಡಿದಿರುವುದು ಹೆಚ್ಚಾಗಿ ಸ್ನಾಯು. ನಾನು ಇಲ್ಲಿ ಹೇಳುತ್ತಿರುವ ನರ ಇವೆರಡೂ ಅಲ್ಲ. ಅದರೊಳಗೆ ರಕ್ತ ಹರಿಯುವುದಿಲ್ಲ, ಅದು ಎಳೆಯುವುದೂ ಇಲ್ಲ. ಬಿಳಿ ದಾರದ ಹಾಗಿರುತ್ತದೆ. ಅದರ ಕೆಲಸ ಸುದ್ದಿ ಸಾಗಿಸುವುದು. ಈ ಗೊಂದಲ ಸಣ್ಣದಲ್ಲ. ಊದಿದ ರಕ್ತನಾಳಕ್ಕೆ ನರದ ಮಾತ್ರೆ, ಹಾಳಾದ ನರಕ್ಕೆ ಎಣ್ಣೆ ಮಾಲೀಸು ಅಂತ ವರ್ಷಗಟ್ಟಲೆ ಕಳೆದು ಬಂದವರನ್ನು ನಾನು ಪ್ರತಿ ವಾರ ನೋಡುತ್ತೇನೆ.

ಇನ್ನು 'ನರ ದೌರ್ಬಲ್ಯ'. ಇದು ರೋಗದ ಹೆಸರಲ್ಲ. ಸುಸ್ತು, ಕೈ ನಡುಕ, ನಿದ್ದೆ ಬಾರದಿರುವುದು, ಗಂಡಸರ ಲೈಂಗಿಕ ತೊಂದರೆ, ಎಲ್ಲಕ್ಕೂ ಅಂಟಿಸುವ ಒಂದು ಚೀಟಿ. ಬಸ್‌ಸ್ಟ್ಯಾಂಡ್ ಗೋಡೆಯ ಜಾಹೀರಾತಿನಲ್ಲಿ ಇರುವ ಪದ ಅದು. ಯಾರಾದರೂ ಹಾಗೆ ಅಂದರೆ "ಯಾವ ನರ? ಯಾಕೆ ಹಾಳಾಗಿದೆ?" ಅಂತ ಕೇಳಿ. ಉತ್ತರ ಇಲ್ಲದಿದ್ದರೆ ಅವರ ಔಷಧಿಯನ್ನೂ ತಗೊಳ್ಳಬೇಡಿ.

ನಿಮ್ಮ ಕಾಲಿನ ಹೆಬ್ಬೆರಳಿನ ಸ್ಪರ್ಶ ಹೊತ್ತು ತರುವ ಜೀವಕೋಶ ಎಲ್ಲಿದೆ ಗೊತ್ತಾ? ಕಾಲಿನಲ್ಲಿ ಇಲ್ಲ. ಸೊಂಟದ ಹತ್ತಿರ, ಬೆನ್ನುಮೂಳೆಯ ಪಕ್ಕದಲ್ಲಿದೆ. ಆ ಕೋಶ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ದೊಡ್ಡದಲ್ಲ. ಬರಿಗಣ್ಣಿಗೆ ಕಾಣುವುದೇ ಕಷ್ಟ. ಆದರೆ ಅದರಿಂದ ಹೊರಟ ಒಂದು ಎಳೆ ತೊಡೆ, ಮಂಡಿ, ಪಾದ ದಾಟಿ ಹೆಬ್ಬೆರಳಿನ ತುದಿಯವರೆಗೂ ಹೋಗುತ್ತದೆ. ಸುಮಾರು ಒಂದು ಮೀಟರ್ ಉದ್ದ! ಅಷ್ಟು ಉದ್ದಕ್ಕೂ ಅದು ಒಂದೇ ಜೀವಕೋಶದ ಭಾಗ, ಮಧ್ಯೆ ಎಲ್ಲೂ ಜೋಡಣೆ ಇಲ್ಲ. ಅದೇ ಕೋಶದ ಇನ್ನೊಂದು ಎಳೆ ಬೆನ್ನುಹುರಿಯೊಳಗೆ ಹೋಗಿ ಸುದ್ದಿಯನ್ನು ಮಿದುಳಿನ ಕಡೆಗೆ ದಾಟಿಸುತ್ತದೆ.

ನರ ಎಂದರೆ ಕರೆಂಟ್ ವೈರ್ ಇದ್ದ ಹಾಗೆ ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ಸರಿ. ಸುದ್ದಿ ಸಾಗುವುದು ವಿದ್ಯುತ್ತಿನ ಅಲೆಯಾಗಿಯೇ. ಆದರೆ ವೈರ್‌ಗೆ ಊಟ ಬೇಡ, ನರಕ್ಕೆ ಬೇಕು. ಎಳೆಯ ಗೋಡೆಯಲ್ಲಿ ಸಣ್ಣ ಸಣ್ಣ ಬಾಗಿಲುಗಳಿವೆ. ಒಂದು ಕಡೆ ಬಾಗಿಲು ತೆರೆದು ಸೋಡಿಯಂ ಒಳಗೆ ನುಗ್ಗಿದರೆ ಪಕ್ಕದ ಬಾಗಿಲು ತೆರೆಯುತ್ತದೆ, ಅದರಿಂದ ಅದರ ಪಕ್ಕದ್ದು. ಹೀಗೆ ಸುದ್ದಿ ಮುಂದೆ ಹೋಗುತ್ತದೆ. ಆಮೇಲೆ ಒಳಬಂದ ಸೋಡಿಯಂ ಅನ್ನು ಮತ್ತೆ ಹೊರಗೆ ಹಾಕಬೇಕು. ಅದಕ್ಕೆ ಹಗಲೂ ರಾತ್ರಿ ಶಕ್ತಿ ಖರ್ಚಾಗುತ್ತದೆ. 1850ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಜ್ ಎಂಬ ವಿಜ್ಞಾನಿ ಕಪ್ಪೆಯ ನರದಲ್ಲಿ ಸುದ್ದಿಯ ವೇಗ ಅಳೆದಾಗ ಸಿಕ್ಕಿದ್ದು ಸೆಕೆಂಡಿಗೆ ಸುಮಾರು 27 ಮೀಟರ್. ತಂತಿಯಲ್ಲಿ ಹೋಗುವ ವಿದ್ಯುತ್ತಿನ ಮುಂದೆ ಇದು ಆಮೆ ನಡಿಗೆ. ನರ ಬರೀ ತಂತಿಯಲ್ಲ, ಜೀವ ಇರುವ ವಸ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಎಲ್ಲ ಎಳೆಗಳ ವೇಗವೂ ಒಂದೇ ಅಲ್ಲ. ಇಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇರುವುದು. ಹೊಸ್ತಿಲು ಎಡವಿದ್ದು ನೆನಪು ಮಾಡಿಕೊಳ್ಳಿ. ಎಡವಿದ್ದು ತಕ್ಷಣ ಗೊತ್ತಾಗುತ್ತದೆ. ಜೀವ ಹಿಂಡುವ ನೋವು ಬರುವುದು ಒಂದು ಗಳಿಗೆ ಬಿಟ್ಟು. "ಈಗ ಬರುತ್ತೆ ನೋವು" ಅಂತ ಹಲ್ಲು ಕಚ್ಚಿ ಕಾಯುವಷ್ಟು ಸಮಯ ಸಿಗುತ್ತದೆ, ಅಲ್ವಾ? ಸ್ಪರ್ಶದ ಸುದ್ದಿ ತರುವುದು ದಪ್ಪ ಎಳೆ. ಅದರ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಅದರಲ್ಲಿ ಸುದ್ದಿ ಸೆಕೆಂಡಿಗೆ 50 ಮೀಟರ್ ಆಸುಪಾಸಿನಲ್ಲಿ ಹಾರುತ್ತದೆ. ಉರಿ, ಬಿಸಿ, ಮಂದ ನೋವು ತರುವುದು ಹೊದಿಕೆ ಇಲ್ಲದ ಸಣ್ಣ ಎಳೆ. ಅದರ ವೇಗ ಸೆಕೆಂಡಿಗೆ ಒಂದು ಮೀಟರ್ ಅಷ್ಟೇ. ಕಾಲಿನಿಂದ ಬೆನ್ನಿಗೆ ಬರಲು ಅದಕ್ಕೆ ಹೆಚ್ಚುಕಡಿಮೆ ಒಂದು ಸೆಕೆಂಡು ಬೇಕು.

ಅಂದರೆ ಉರಿಯ ದಾರಿ ಬೇರೆ, ಸ್ಪರ್ಶದ ದಾರಿ ಬೇರೆ. ಒಂದೇ ಪಾದದಲ್ಲಿ ಎರಡೂ ಬೇರೆ ಬೇರೆಯಾಗಿ ಕೆಡಬಹುದು. ನಿಮ್ಮಲ್ಲಿ ಮೊದಲು ಪೆಟ್ಟು ತಿಂದಿದ್ದು ಸಣ್ಣ ಎಳೆಗಳು. ಪೆಟ್ಟು ತಿಂದ ಎಳೆ ಸುಮ್ಮನೆ ಸಾಯುವುದಿಲ್ಲ. ಸಾಯುವ ಮೊದಲು ಅದರ ಬಾಗಿಲುಗಳು ಹದ ತಪ್ಪುತ್ತವೆ. ಯಾರೂ ಮುಟ್ಟದಿದ್ದರೂ ತಾನಾಗಿ ಸುದ್ದಿ ಕಳಿಸಲು ಶುರು ಮಾಡುತ್ತದೆ. ಮಿದುಳಿಗೆ ಏನು ಗೊತ್ತು? ಬಿಸಿಯ ದಾರಿಯಲ್ಲಿ ಸುದ್ದಿ ಬಂತು, ಅಂದರೆ ಕಾಲಿಗೆ ಬೆಂಕಿ ತಗುಲಿದೆ ಎಂದೇ ಅದು ನಂಬುತ್ತದೆ. ಪಾದ ಮುಟ್ಟಿ ನೋಡಿದರೆ ತಣ್ಣಗಿರುತ್ತದೆ, ಒಳಗೆ ಕೆಂಡ. ಆಮೇಲೆ ದಪ್ಪ ಎಳೆಗಳಿಗೂ ಪೆಟ್ಟು ಬಿತ್ತು. ಪೆಡಲ್ ಮೇಲೆ ಕಾಲಿದೆಯೋ ಇಲ್ಲವೋ ತಿಳಿಯದಾಯಿತು. ಸ್ಪರ್ಶ ಇಲ್ಲದ ಕಾಲು ಉರಿಯುವುದು ಹೀಗೆ.

ರಾತ್ರಿಯೇ ಯಾಕೆ ಜಾಸ್ತಿ? ಹಗಲು ಮಿದುಳಿಗೆ ಬೇರೆ ಸುದ್ದಿಗಳ ಗದ್ದಲ ಇರುತ್ತದೆ. ಕತ್ತರಿ ಸದ್ದು, ಗಿರಾಕಿಯ ಮಾತು, ಅಳತೆ ಲೆಕ್ಕ. ಮಲಗಿದಾಗ ಅದೆಲ್ಲ ನಿಂತು ಕಾಲಿನ ಕೂಗು ಒಂದೇ ಕೇಳಿಸುತ್ತದೆ. ಹೊದಿಕೆ ತಗುಲಿದರೂ ಚುರುಕ್ ಅನ್ನುವುದು ಇದೇ ಕಾಯಿಲೆಯ ಗುಣ.

ಈಗ ಆ ಮೊದಲ ಟೆಸ್ಟ್ ವಿಷಯ. ನರದ ಟೆಸ್ಟ್ ಅಂದರೆ ನರ್ವ್ ಕಂಡಕ್ಷನ್. ಚರ್ಮದ ಮೇಲೆ ಸಣ್ಣದಾಗಿ ಕರೆಂಟ್ ಕೊಟ್ಟು ವೇಗ ಅಳೆಯುತ್ತಾರೆ. ಅದು ದಪ್ಪ ಎಳೆಗಳನ್ನು ಮಾತ್ರ ಅಳೆಯುತ್ತದೆ. ಸಣ್ಣ ಎಳೆ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಬರೀ ಉರಿ ಇದ್ದ ಕಾಲದಲ್ಲಿ ರಿಪೋರ್ಟ್ ನಾರ್ಮಲ್ ಬರುವುದು ಸಹಜ. ಆ ರಿಪೋರ್ಟ್ ನೋಡಿ "ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ" ಅಂತ ಕಳಿಸುವ ನಮ್ಮ ವೃತ್ತಿಯವರ ಬಗ್ಗೆ ನನಗೆ ನಿಜಕ್ಕೂ ಬೇಸರ ಇದೆ. ಉರಿ ಅಂತ ಬಂದವರ ಮಾತನ್ನು ರಿಪೋರ್ಟ್‌ಗಿಂತ ಮೊದಲು ನಂಬಬೇಕು. ನಿಮ್ಮ ಮನೆಯವರಿಗೆ ಈ ಪ್ಯಾರಾವನ್ನು ಓದಿ ಹೇಳಿ.

ನರ ಕೆಡುವುದು ಪಾದದಿಂದಲೇ ಯಾಕೆ ಶುರುವಾಗುತ್ತದೆ? ನೀವು ದಾವಣಗೆರೆ ಕಡೆಯವರು, ನಿಮಗೆ ಇದನ್ನು ಬೇಗ ಹೇಳಬಹುದು. ಭದ್ರಾ ನಾಲೆಯ ಕೊನೆ ಭಾಗದ ರೈತರ ಪಾಡು ನೋಡಿದ್ದೀರಲ್ಲ. ನೀರು ಕಡಿಮೆಯಾದರೆ ಮೊದಲು ಒಣಗುವುದು ಕೊನೆಯ ಗದ್ದೆ. ನರದ ಎಳೆಗೆ ಬೇಕಾದ ಸಾಮಾನೆಲ್ಲ ತಯಾರಾಗುವುದು ಸೊಂಟದ ಹತ್ತಿರದ ಆ ಪುಟ್ಟ ಕೋಶದಲ್ಲಿ. ಅಲ್ಲಿಂದ ಎಳೆಯ ಒಳಗೇ ಸಾಗಿ ಹೆಬ್ಬೆರಳು ತಲುಪಬೇಕು. ಬೇಗ ಹೋಗುವ ಸಾಮಾನು ದಿನಕ್ಕೆ 40 ಸೆಂಟಿಮೀಟರ್ ಹೋದರೂ ಎರಡು ಮೂರು ದಿನದ ಪ್ರಯಾಣ. ನಿಧಾನದ್ದು ದಿನಕ್ಕೆ ಒಂದೆರಡು ಮಿಲಿಮೀಟರ್ ಮಾತ್ರ, ಅದಕ್ಕೆ ವರ್ಷಗಳೇ ಬೇಕು. ಶುಗರ್ ಜಾಸ್ತಿ ಇದ್ದಾಗ ಈ ಸಾಗಾಟವೇ ಕುಂಟುತ್ತದೆ. ಸ್ನಾಯುವಿನೊಳಗೆ ಸಕ್ಕರೆ ಹೋಗಲು ಇನ್ಸುಲಿನ್ ಬೇಕು, ನರದೊಳಗೆ ಹೋಗಲು ಬೇಡ. ರಕ್ತದಲ್ಲಿ ಎಷ್ಟಿದೆಯೋ ಅಷ್ಟೂ ನರದೊಳಗೆ ನುಗ್ಗುತ್ತದೆ. ಜಾಸ್ತಿಯಾದ ಸಕ್ಕರೆ ಶಕ್ತಿ ತಯಾರಿಸುವ ಕಣಗಳನ್ನು ಕೆಡಿಸುತ್ತದೆ. ನರಕ್ಕೆ ರಕ್ತ ಕೊಡುವ ಕೂದಲಿಗಿಂತ ಸಣ್ಣ ನಾಳಗಳೂ ಕಟ್ಟಿಕೊಳ್ಳುತ್ತವೆ. ಹಾಗಾಗಿ ಅತಿ ಉದ್ದದ ಎಳೆಗಳ ತುದಿ ಮೊದಲು ಒಣಗುತ್ತದೆ. ಎರಡೂ ಕಾಲಲ್ಲಿ ಒಟ್ಟಿಗೆ, ಕಾಲ್ಚೀಲ ಹಾಕಿದ ಹಾಗೆ, ಬೆರಳಿನಿಂದ ಮೇಲಕ್ಕೆ ಏರುತ್ತದೆ. ಮಂಡಿಯ ಹತ್ತಿರ ಬರುವ ಹೊತ್ತಿಗೆ ಕೈಬೆರಳಿನ ತುದಿಯಲ್ಲಿ ಜೋಮು ಶುರುವಾಗುತ್ತದೆ. ಅಲ್ಲಿಗೆ ಎಳೆಯ ಉದ್ದ ಸರಿಸಮ ಆಗುವುದೇ ಕಾರಣ.

ಕ್ಲಿನಿಕ್‌ನಲ್ಲಿ ಇದನ್ನು ಕಂಡುಹಿಡಿಯಲು ದೊಡ್ಡ ಮೆಷಿನ್ ಬೇಡ. ನನ್ನ ಜೇಬಿನಲ್ಲಿ 128 ಹರ್ಟ್ಜ್‌ನ ಟ್ಯೂನಿಂಗ್ ಫೋರ್ಕ್ ಇರುತ್ತದೆ. ಅಂಗೈಗೆ ತಟ್ಟಿ ಅದರ ಬುಡವನ್ನು ಹೆಬ್ಬೆರಳಿನ ಮೂಳೆ ಮೇಲೆ ಇಡುತ್ತೇನೆ. "ಏನಾದರೂ ಗೊತ್ತಾಗುತ್ತಾ?" ಅಂದರೆ "ತಣ್ಣಗೆ ಏನೋ ಇಟ್ಟಿರಿ" ಅಂತಾರೆ. ಕಾಲಿನ ಗಿಣ್ಣಿಗೆ ಇಟ್ಟರೆ ಅನುಮಾನ. ಮಂಡಿಗೆ ಇಟ್ಟಾಗ "ಹಾಂ, ಝುಂ ಅಂತಿದೆ" ಅಂತ ಮುಖ ಅರಳಿಸುತ್ತಾರೆ. ಆಮೇಲೆ ಒಂದು ನೈಲಾನ್ ಎಳೆಯಿಂದ ಅಂಗಾಲು ಒತ್ತುತ್ತೇನೆ. ಅದು 10 ಗ್ರಾಂ ಒತ್ತಡಕ್ಕೆ ಬಾಗುವ ಹಾಗೆ ಮಾಡಿರುತ್ತಾರೆ. ಅದು ಬಾಗುವಷ್ಟು ಒತ್ತಿದರೂ ತಿಳಿಯದಿದ್ದರೆ ಆ ಪಾದಕ್ಕೆ ಕಾವಲು ಇಲ್ಲ ಎಂದೇ ಅರ್ಥ. ನಿಮಗೆ ಈ ಎರಡು ಪರೀಕ್ಷೆ ಯಾರಾದರೂ ಮಾಡಿದ್ದಾರಾ? ಇಲ್ಲದಿದ್ದರೆ ಕೇಳಿ ಮಾಡಿಸಿಕೊಳ್ಳಿ. ಐದು ನಿಮಿಷದ ಕೆಲಸ.

ಕಣ್ಣು ಮುಚ್ಚಿ ಮುಖ ತೊಳೆಯುವಾಗ ವಾಲುತ್ತೇನೆ ಅಂದಿದ್ದೀರಿ. ನನಗೆ ತುಂಬಾ ಮುಖ್ಯ ಅನಿಸಿದ ಸಾಲು ಅದು. ನಾವು ನೆಟ್ಟಗೆ ನಿಲ್ಲಲು ಮಿದುಳಿಗೆ ಮೂರು ಕಡೆಯಿಂದ ಸುದ್ದಿ ಬೇಕು: ಕಣ್ಣು, ಒಳಕಿವಿ ಮತ್ತು ಕಾಲಿನ ಕೀಲುಗಳು. ಕಾಲಿನ ಸುದ್ದಿ ನಿಂತಿದ್ದರೂ ಕಣ್ಣು ಸಂಭಾಳಿಸುತ್ತಿರುತ್ತದೆ. ಕಣ್ಣು ಮುಚ್ಚಿದ ಕೂಡಲೇ ಆಧಾರ ತಪ್ಪುತ್ತದೆ. ಸಕ್ಕರೆ ಕಾಯಿಲೆಯಲ್ಲೂ ಇದು ಆಗುತ್ತದೆ. ಆದರೆ ಇಷ್ಟು ಎದ್ದು ಕಂಡಾಗ ಬಿ12 ನೋಡಲೇಬೇಕು. ಬಿ12 ಇಲ್ಲದೆ ಮಯಲಿನ್ ಹೊದಿಕೆ ಸರಿಯಾಗಿ ಉಳಿಯುವುದಿಲ್ಲ. ಕಾಲಿನ ನರ ಮಾತ್ರವಲ್ಲ, ಬೆನ್ನುಹುರಿಯ ಹಿಂಭಾಗವೂ ಕೆಡುತ್ತದೆ. ನಿಮಗೆ ಎರಡು ಕಾರಣ ಕೂಡಿಬಂದಿವೆ. ಒಂದು, ಸಸ್ಯಾಹಾರ. ಬಿ12 ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲಿನಿಂದ. ದಿನಕ್ಕೆ ಒಂದು ಲೋಟ ನೀರು ಮಜ್ಜಿಗೆ ಸಾಲುವುದಿಲ್ಲ. ಎರಡು, ಮೆಟ್‌ಫಾರ್ಮಿನ್. ವರ್ಷಗಟ್ಟಲೆ ತಗೊಂಡರೆ ಅದು ಕರುಳಿನಲ್ಲಿ ಬಿ12 ಹೀರುವುದನ್ನು ಕಡಿಮೆ ಮಾಡುತ್ತದೆ.

ಹಾಗಾದರೆ "ಮಾತ್ರೆ ತಿಂದೇ ಹೀಗಾಗಿದ್ದು" ಅಂದವರ ಮಾತಿನಲ್ಲಿ ಒಂದು ಕಾಳಿನಷ್ಟು ನಿಜ ಇದೆ. ಆದರೆ ಅದಕ್ಕೆ ಮಾತ್ರೆ ಬಿಟ್ಟರೆ ಶುಗರ್ ಏರಿ ನರ ಇನ್ನೂ ಬೇಗ ಹೋಗುತ್ತದೆ. ದಯವಿಟ್ಟು ಬಿಡಬೇಡಿ. ಬಿ12 ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ಅದನ್ನು ತುಂಬಿಸಿಕೊಳ್ಳಿ, ಅಷ್ಟೇ. ಇಲ್ಲೊಂದು ತೊಡಕಿದೆ. ನೀವು ಆರು ತಿಂಗಳಿಂದ ನುಂಗುತ್ತಿರುವ ನರದ ಮಾತ್ರೆಯಲ್ಲಿ ಬಿ12 ಇದ್ದರೆ ರಕ್ತದ ರಿಪೋರ್ಟ್ ಚೆನ್ನಾಗಿ ಬರುತ್ತದೆ. ಮೊದಲಿದ್ದ ಕೊರತೆ ಮುಚ್ಚಿಹೋಗಿರುತ್ತದೆ. ಆದ್ದರಿಂದ ಆ ಮಾತ್ರೆಯ ಪಟ್ಟಿಯನ್ನು (ಸ್ಟ್ರಿಪ್) ಡಾಕ್ಟರ್ ಮುಂದೆ ಇಡಿ. ಬಿಸಾಡಬೇಡಿ.

ಆ ಪಟ್ಟಿಯ ಹಿಂದೆ ಇನ್ನೊಂದು ಹೆಸರು ಹುಡುಕಿ: ಪಿರಿಡಾಕ್ಸಿನ್. ಅದು ಬಿ6 ವಿಟಮಿನ್. ಸ್ವಲ್ಪ ಬೇಕು. ಜಾಸ್ತಿ ಡೋಸ್ ತಿಂಗಳುಗಟ್ಟಲೆ ಹೋದರೆ ಅದೇ ನರವನ್ನು ಕೆಡಿಸುತ್ತದೆ, ಅದೂ ಇದೇ ರೀತಿ ಪಾದದಿಂದ ಶುರುವಾಗಿ. ನರಕ್ಕೆಂದು ತಿಂದ ಮಾತ್ರೆಯಿಂದಲೇ ನರ ಹೋದವರನ್ನು ನಾನು ನೋಡಿದ್ದೇನೆ. ಎರಡು ಮೂರು ಕಡೆಯಿಂದ ಬೇರೆ ಬೇರೆ ಹೆಸರಿನ ವಿಟಮಿನ್ ಮಾತ್ರೆ ತಗೊಳ್ಳುವವರಲ್ಲಿ ಈ ಅಪಾಯ ಜಾಸ್ತಿ. ಹಾಗೆಯೇ ಯಾವುದೇ ಚೀಟಿ ಇಲ್ಲದ ಪುಡಿ, ಭಸ್ಮ ತಗೊಳ್ಳಬೇಡಿ. ಸೀಸ, ಆರ್ಸೆನಿಕ್ ಸೇರಿದ್ದರೆ ಅವು ನರಕ್ಕೆ ನೇರ ವಿಷ.

ಬೇರೆ ಕಾರಣಗಳನ್ನೂ ಒಮ್ಮೆ ತಳ್ಳಿಹಾಕಬೇಕು. ಥೈರಾಯ್ಡ್ ಮತ್ತು ಕಿಡ್ನಿ ಪರೀಕ್ಷೆ ಆಗಲಿ. ಚರ್ಮದ ಮೇಲೆ ಎಲ್ಲಾದರೂ ಸ್ಪರ್ಶ ಇಲ್ಲದ ಬಿಳಿಚಿದ ಮಚ್ಚೆ ಇದ್ದರೆ ತೋರಿಸಿ. ಕುಷ್ಠರೋಗವೂ ನರವನ್ನೇ ಹಿಡಿಯುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಔಷಧಿಯಿಂದ ವಾಸಿಯಾಗುತ್ತದೆ. ನೋವು ಒಂದೇ ಕಾಲಿನಲ್ಲಿ ಸೊಂಟದಿಂದ ಕೆಳಗೆ ಇಳಿದರೆ ಅದು ಬೆನ್ನಿನ ಡಿಸ್ಕ್ ಇರಬಹುದು, ನಿಮ್ಮದು ಹಾಗಿಲ್ಲ. ಇದೆಲ್ಲದಕ್ಕಿಂತ ಬೇರೆಯಾದ ಒಂದು ತುರ್ತು ಇದೆ: ಕೆಲವೇ ದಿನಗಳಲ್ಲಿ ಎರಡೂ ಕಾಲಿನ ಬಲವೇ ಹೋಗಿ, ಎದ್ದು ನಿಲ್ಲಲಾಗದೆ, ಕೈಗೂ ಏರಿದರೆ ಅದು ಗಿಯಾನ್-ಬಾರೆ ಎಂಬ ನರದ ಕಾಯಿಲೆ ಇರಬಹುದು. ಉಸಿರಾಟಕ್ಕೇ ತೊಂದರೆ ಆಗಬಹುದು. ಬೆಳಗಾಗಲಿ ಅಂತ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಇನ್ನು ಚಿಕಿತ್ಸೆ. ಇದರಲ್ಲಿ ಎರಡು ಬೇರೆ ಬೇರೆ ಕೆಲಸ ಇವೆ, ಜನ ಒಂದೇ ಅಂದುಕೊಳ್ಳುತ್ತಾರೆ. ನರ ಇನ್ನಷ್ಟು ಕೆಡದ ಹಾಗೆ ನೋಡಿಕೊಳ್ಳುವುದು ಒಂದು. ಉರಿ ತಗ್ಗಿಸುವುದು ಇನ್ನೊಂದು. ಉರಿಯ ಮಾತ್ರೆ ನರವನ್ನು ರಿಪೇರಿ ಮಾಡುವುದಿಲ್ಲ.

ಮೊದಲನೆಯದಕ್ಕೆ ಶುಗರ್ ಹತೋಟಿಯೇ ದಾರಿ. ಟೈಪ್ 1, ಅಂದರೆ ದೇಹದಲ್ಲಿ ಇನ್ಸುಲಿನ್ನೇ ತಯಾರಾಗದ ಬಗೆಯ ಶುಗರ್ ಇರುವವರ ಮೇಲೆ ನಡೆದು 1993ರಲ್ಲಿ ಹೊರಬಂದ ಡಿಸಿಸಿಟಿ ಎಂಬ ಅಮೆರಿಕ ಮತ್ತು ಕೆನಡಾದ ಅಧ್ಯಯನದಲ್ಲಿ ಬಿಗಿ ಹತೋಟಿಯಿಂದ ನರದ ತೊಂದರೆ ಸುಮಾರು ಶೇಕಡಾ 60ರಷ್ಟು ಕಡಿಮೆಯಾಯಿತು. ನಿಮ್ಮಂಥ ಟೈಪ್ 2 ಇರುವವರಲ್ಲಿ ಲಾಭ ಅಷ್ಟು ಸಿಗುವುದಿಲ್ಲ, ಆದರೂ ಸಿಗುತ್ತದೆ. ತೂಕ, ರಕ್ತದೊತ್ತಡ, ಕೊಲೆಸ್ಟ್ರಾಲ್ ಕೂಡ ಜೊತೆಗೆ ನೋಡಿಕೊಳ್ಳಬೇಕು. ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಹೇಳಲೇಬೇಕು. 9.4ನ್ನು ಒಂದೇ ಸಲಕ್ಕೆ ಇಳಿಸಬೇಡಿ. ಮೂರು ತಿಂಗಳೊಳಗೆ ಎಚ್‌ಬಿಎ1ಸಿ ಎರಡು ಅಂಕಕ್ಕಿಂತ ಜಾಸ್ತಿ ಇಳಿದರೆ ಕೆಲವರಿಗೆ ಉರಿ ಇದ್ದಕ್ಕಿದ್ದಂತೆ ಹೆಚ್ಚಾಗುತ್ತದೆ. ಕಣ್ಣಿನ ಪರದೆಗೂ ತೊಂದರೆಯಾಗಬಹುದು. ಮೊದಲು ಕಣ್ಣು ತೋರಿಸಿ, ಆಮೇಲೆ ನಿಧಾನವಾಗಿ ಏಳರ ಹತ್ತಿರಕ್ಕೆ ತನ್ನಿ.

ಉರಿಗೆ ಮೂರು ಬಗೆಯ ಮಾತ್ರೆ ಹೆಚ್ಚು ಬಳಸುತ್ತೇವೆ: ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್, ಪ್ರೀಗ್ಯಾಬಲಿನ್. ಬ್ರಿಟನ್ನಿನಲ್ಲಿ ಈ ಮೂರನ್ನೂ ಹೋಲಿಸಿದ ಅಧ್ಯಯನ 2022ರಲ್ಲಿ ಬಂತು, ಮೂರೂ ಹೆಚ್ಚುಕಡಿಮೆ ಸಮ ಎಂದಿತು. ಹಾಗಾಗಿ ಯಾರಿಗೆ ಯಾವುದು ಎಂದು ಆರಿಸುವುದು ಅಡ್ಡ ಪರಿಣಾಮ ನೋಡಿ. ಅಮಿಟ್ರಿಪ್ಟಿಲಿನ್ ಅಗ್ಗ. ರಾತ್ರಿ 10 ಮಿಲಿಗ್ರಾಂನಿಂದ ಶುರು ಮಾಡುತ್ತೇವೆ, ನಿದ್ದೆಯೂ ಬರುತ್ತದೆ. ಬಾಯಿ ಒಣಗುತ್ತದೆ, ಮಲಬದ್ಧತೆ ಆಗುತ್ತದೆ. ಹೃದಯದ ತೊಂದರೆ ಇರುವವರಿಗೆ, ಪ್ರಾಸ್ಟೇಟ್ ದಪ್ಪ ಆಗಿರುವ ಗಂಡಸರಿಗೆ ಯೋಚಿಸಿ ಕೊಡಬೇಕು. ಡುಲೋಕ್ಸೆಟಿನ್ ಶುರುವಿನಲ್ಲಿ ವಾಕರಿಕೆ ತರುತ್ತದೆ, ಲಿವರ್ ಸರಿ ಇಲ್ಲದವರಿಗೆ ಬೇಡ. ಪ್ರೀಗ್ಯಾಬಲಿನ್ ಕೆಲವರಿಗೆ ತಲೆಸುತ್ತು, ಕಾಲು ಊತ, ತೂಕ ಏರಿಕೆ ತರುತ್ತದೆ. ಕಿಡ್ನಿ ನೋಡಿ ಡೋಸ್ ಹಾಕಬೇಕು. ಮೊದಲೇ ವಾಲುವ ನಿಮಗೆ ತಲೆಸುತ್ತು ಬಂದರೆ ಬೀಳುವ ಭಯ ನನಗಿದೆ. ಇವು ಖಿನ್ನತೆಯ ಮಾತ್ರೆ, ಫಿಟ್ಸ್ ಮಾತ್ರೆ ಅಂತ ಮೆಡಿಕಲ್ ಶಾಪಿನಲ್ಲಿ ಯಾರಾದರೂ ಅಂದರೆ ಹೆದರಬೇಡಿ. ಹುಚ್ಚೆದ್ದ ಎಳೆಗಳ ಬಾಗಿಲು ಶಾಂತ ಮಾಡುವ, ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ತಡೆ ಹಾಕುವ ಗುಣ ಇರುವುದರಿಂದ ಇಲ್ಲೂ ಬಳಸುತ್ತೇವೆ.

ಎರಡು ದಿನ ನುಂಗಿ "ಕೆಲಸ ಮಾಡಲಿಲ್ಲ" ಅಂತ ಬಿಡಬೇಡಿ. ಕೆಲವು ವಾರ ಬೇಕು. ಉರಿ ಅರ್ಧಕ್ಕೆ ಇಳಿದು ನಿದ್ದೆ ಬಂದರೆ ಅದು ಒಳ್ಳೆಯ ಫಲ. ಪೂರ್ತಿ ಮಾಯ ಮಾಡುತ್ತೇನೆ ಅಂದವರನ್ನು ನಂಬಬೇಡಿ. ನಿಲ್ಲಿಸುವಾಗಲೂ ಇದ್ದಕ್ಕಿದ್ದಂತೆ ನಿಲ್ಲಿಸಬಾರದು, ಡೋಸ್ ಇಳಿಸುತ್ತಾ ಬರಬೇಕು. ಡೈಕ್ಲೋಫೆನಾಕ್‌ನಂಥ ಸಾಮಾನ್ಯ ನೋವಿನ ಮಾತ್ರೆ ನರದ ಉರಿಗೆ ಹತ್ತುವುದಿಲ್ಲ. ಶುಗರ್ ಇರುವ ಕಿಡ್ನಿಗೆ ಮಾತ್ರ ಪೆಟ್ಟು.

ಸತ್ತ ನರ ಮತ್ತೆ ಬೆಳೆಯುತ್ತಾ? ಮೂಲ ಕೋಶ ಬದುಕಿದ್ದರೆ ಎಳೆ ಬೆಳೆಯಬಲ್ಲದು, ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಶುಗರ್ ಇರುವವರಲ್ಲಿ ಅದಕ್ಕಿಂತ ನಿಧಾನ. ಬಿ12 ಕೊರತೆಯಿಂದ ಆದ ಭಾಗ ಬೇಗ ಹಿಡಿದರೆ ಚೆನ್ನಾಗಿ ಸುಧಾರಿಸುತ್ತದೆ. ಸಕ್ಕರೆಯಿಂದ ಆದದ್ದು ಅಲ್ಲಿಗೇ ನಿಂತರೂ ನಾನು ಗೆಲುವು ಅಂತೀನಿ.

ನೀವು ತುಂಬಾ ಹೆದರಿರುವ ಪ್ರಶ್ನೆಗೆ ಬರುತ್ತೇನೆ. ಕಾಲು ತೆಗೆಯಬೇಕಾಗುತ್ತಾ? ನರ ಹಾಳಾದ ಮಾತ್ರಕ್ಕೆ ಯಾರೂ ಕಾಲು ತೆಗೆಯುವುದಿಲ್ಲ. ತೆಗೆಯುವ ಪರಿಸ್ಥಿತಿ ಬರುವುದು ಹೆಚ್ಚಾಗಿ ಗೊತ್ತೇ ಆಗದೆ ಆದ ಒಂದು ಸಣ್ಣ ಗಾಯದಿಂದ. ಒಬ್ಬ ಮೇಷ್ಟ್ರು ನನ್ನ ಹತ್ತಿರ ಬಂದಿದ್ದರು. ಶೂ ಬಿಚ್ಚಿಸಿದೆ. ಒಳಗಿಂದ ಒಂದು ಹುಣಸೆ ಬೀಜ ಉದುರಿತು. ಬೆಳಗ್ಗೆಯಿಂದ ಅದರ ಮೇಲೇ ನಡೆದಿದ್ದಾರೆ, ಅಂಗಾಲಿನಲ್ಲಿ ಬೀಜದ ಅಚ್ಚು ಕೆಂಪಗೆ ಮೂಡಿ ಚರ್ಮ ಸುಲಿದಿದೆ. ಅವರಿಗೆ ಗೊತ್ತೇ ಇಲ್ಲ. ಅವರು ಬಂದಿದ್ದು ಬೇರೆ ಕಾರಣಕ್ಕೆ. "ಉರಿ ಪೂರ್ತಿ ಹೋಗಿದೆ ಡಾಕ್ಟ್ರೇ, ವಾಸಿಯಾಯ್ತು" ಅಂತ ಖುಷಿಯಿಂದ ಹೇಳಲು ಬಂದಿದ್ದರು.

ಅದಕ್ಕೇ ಹೇಳುತ್ತಿದ್ದೇನೆ, ಉರಿಯುವ ಕಾಲಿಗಿಂತ ಸುಮ್ಮನಾದ ಕಾಲಿಗೆ ನಾನು ಜಾಸ್ತಿ ಹೆದರುತ್ತೇನೆ. ಚಿಕಿತ್ಸೆ ಇಲ್ಲದೆ ಉರಿ ತಾನಾಗಿ ನಿಂತರೆ ಅದು ಎಳೆಗಳು ಪೂರ್ತಿ ಸತ್ತ ಸೂಚನೆಯೂ ಇರಬಹುದು. ಇನ್ನು ಮುಂದೆ ನಿಮ್ಮ ಕಾಲಿಗೆ ನಿಮ್ಮ ಕಣ್ಣೇ ನರ. ರಾತ್ರಿ ಮಲಗುವ ಮೊದಲು ಒಂದು ಕನ್ನಡಿಯನ್ನು ನೆಲದ ಮೇಲಿಟ್ಟು ಅಂಗಾಲು, ಹಿಮ್ಮಡಿ, ಬೆರಳ ಸಂದಿ ನೋಡಿ. ಕೆಂಪು, ಬೊಬ್ಬೆ, ಆಣಿ, ಕಪ್ಪು, ಏನು ಕಂಡರೂ ಮಾರನೇ ದಿನವೇ ತೋರಿಸಿ. ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿ. ತಣ್ಣೀರಿನ ಬಕೆಟ್ ಬಿಡಬೇಕು, ಚರ್ಮ ನೆನೆದು ಸಂದಿಯಲ್ಲಿ ಬಿರಿಯುತ್ತದೆ. ಒದ್ದೆ ಬಟ್ಟೆ ಐದು ನಿಮಿಷ ಹಾಕಿ ಒರೆಸಿಕೊಳ್ಳಿ. ಅಕ್ಕಪಕ್ಕದವರು ಬಿಸಿನೀರು ಉಪ್ಪು ಹಾಕಿ ಕಾಲಿಡು ಅಂದರೆ ಖಂಡಿತ ಬೇಡ. ಬಿಸಿ ಎಷ್ಟಿದೆ ಅಂತ ನಿಮ್ಮ ಕಾಲಿಗೆ ತಿಳಿಯುವುದಿಲ್ಲ, ಬೊಬ್ಬೆ ಎದ್ದ ಮೇಲೇ ತಿಳಿಯುವುದು. ಮುಳ್ಳು ಮುಳ್ಳಿನ ಅಕ್ಯುಪ್ರೆಷರ್ ಚಪ್ಪಲಿಯೂ ಬೇಡ. ದೇವಸ್ಥಾನದ ಪ್ರದಕ್ಷಿಣೆ ಬಿಸಿಲೇರುವ ಮುಂಚೆ ಮುಗಿಸಿ, ಏಪ್ರಿಲ್ ಮಧ್ಯಾಹ್ನದ ಕಲ್ಲು ಚರ್ಮ ಸುಡುತ್ತದೆ. ಎಂಸಿಆರ್ ಚಪ್ಪಲಿ ಅಂತ ಕೇಳಿ, ಮೆತ್ತಗಿನ ರಬ್ಬರ್‌ನದು, ಹಿಂದೆ ಪಟ್ಟಿ ಇರುವುದನ್ನೇ ತಗೊಳ್ಳಿ. ಪಟ್ಟಿ ಇಲ್ಲದಿದ್ದರೆ ಕಾಲಿನಿಂದ ಕಳಚಿ ಬಿದ್ದರೂ ನಿಮಗೆ ಗೊತ್ತಾಗುವುದಿಲ್ಲ. ಹಿಮ್ಮಡಿ ಬಿರಿಯುವುದೂ ನರದ್ದೇ ಕೆಲಸ, ಬೆವರಿನ ನರ ಸತ್ತು ಚರ್ಮ ಒಣಗುತ್ತದೆ. ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿ, ಬೆರಳ ಸಂದಿಗೆ ಮಾತ್ರ ಹಚ್ಚಬೇಡಿ.

ಒಳಗಿನ ಅಂಗಗಳನ್ನು ನಡೆಸುವ ನರಗಳೂ ಹೀಗೇ ಕೆಡಬಹುದು. ಎದ್ದು ನಿಂತಾಗ ಕಣ್ಣು ಕತ್ತಲೆ, ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ, ಮೂತ್ರ ಪೂರ್ತಿ ಹೋಗದಿರುವುದು ಇದ್ದರೆ ನಾಚಿಕೆ ಇಲ್ಲದೆ ಹೇಳಿ. ಎದೆನೋವಿಲ್ಲದೆ ಬರೀ ಬೆವರು, ಉಸಿರು ಕಟ್ಟಿದ ಹಾಗೆ ಆದರೂ ತಕ್ಷಣ ಇಸಿಜಿ ಮಾಡಿಸಿ. ನರ ಸತ್ತಿದ್ದರೆ ಹೃದಯಾಘಾತವೂ ನೋವಿಲ್ಲದೆ ಬರಬಹುದು.

ಕೊನೆಗೆ ನಿಮ್ಮ ಹೊಲಿಗೆ. ಬಿಡಬೇಡಿ. ಕೈಬೆರಳಿಗೆ ಜೋಮಿನ ಬಗ್ಗೆ ನೀವು ಏನೂ ಬರೆದಿಲ್ಲ. ಸೂಜಿಗೆ ದಾರ ಪೋಣಿಸುವಾಗ ದಾರ ಬೆರಳಿಗೆ ತಿಳಿಯುತ್ತಿದ್ದರೆ ಕೈ ಚೆನ್ನಾಗಿದೆ ಎಂದರ್ಥ. ಅದು ಮಂಕಾದ ದಿನ ಬಂದು ತೋರಿಸಿ. ಮೆಷಿನ್ನಿಗೆ ಮೋಟಾರ್ ಹಾಕಿಸುವ ಆಸೆ ಇದ್ದರೆ ಈಗ ಬೇಡ. ಕಾಲು ಎಷ್ಟು ಒತ್ತಿದೆ ಅಂತ ತಿಳಿಯದೆ ಮೆಷಿನ್ ಓಡಿಬಿಟ್ಟರೆ ಸೂಜಿ ಬೆರಳಿಗೆ ಇಳಿಯುತ್ತದೆ. ತುಳಿಯುವ ಪೆಡಲ್ಲೇ ಇರಲಿ, ಅದರ ಮೇಲೆ ಬೆಳಕು ಬೀಳುವ ಹಾಗೆ ಮೆಷಿನ್ ತಿರುಗಿಸಿ ಇಟ್ಟುಕೊಳ್ಳಿ. ನಿಮ್ಮ ಕೆಲಸದ ನಿಜವಾದ ಅಪಾಯ ನೆಲದ ಮೇಲಿದೆ. ಗುಂಡುಪಿನ್ನು, ಮುರಿದ ಸೂಜಿ. ದಿನಾ ಕೂರುವ ಮೊದಲು ಒಂದು ಅಯಸ್ಕಾಂತಕ್ಕೆ ದಾರ ಕಟ್ಟಿ ಮೆಷಿನ್ ಸುತ್ತ ಎಳೆದು ಬಿಡಿ. ಚಪ್ಪಲಿ ಹಾಕಿಕೊಂಡೇ ತುಳಿಯಿರಿ. ಮೆಷಿನ್‌ಗೆ ಕಾಲು ತಾಗಿಸುವಾಗ ಚಪ್ಪಲಿ ಬಿಡುವ ರೂಢಿ ಇದ್ದರೆ, ಮೊದಲು ನಮಸ್ಕಾರ ಮಾಡಿ, ಆಮೇಲೆ ಹಾಕಿಕೊಳ್ಳಿ.

ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಶುಗರ್, ಬಿಪಿಯಂಥ ಕಾಯಿಲೆ ನೋಡುವ ಎನ್‌ಸಿಡಿ ಕ್ಲಿನಿಕ್‌ಗೆ ಈ ವಾರವೇ ಹೋಗಿ. ಹೋಗುವಾಗ ಎರಡೂ ನರದ ರಿಪೋರ್ಟ್, ಆ ನರದ ಮಾತ್ರೆಯ ಪಟ್ಟಿ, ದಿನಾ ಹಾಕುವ ಚಪ್ಪಲಿ ಮೂರೂ ತಗೊಂಡು ಹೋಗಿ. ಚಪ್ಪಲಿಯ ಸವೆತ ನೋಡಿದರೆ ಪಾದದ ಯಾವ ಜಾಗಕ್ಕೆ ಭಾರ ಜಾಸ್ತಿ ಬೀಳುತ್ತಿದೆ ಎಂದು ಡಾಕ್ಟರಿಗೆ ಗೊತ್ತಾಗುತ್ತದೆ.